ಹೆಲ್ಮೆಟ್‌ನೊಳಗಿನ ಗಾಳಿ ಎತ್ತ ಹೋಗಬೇಕು?

ಎಂಟನೇ ತರಗತಿಯ ‘ಬಲ ಮತ್ತು ಒತ್ತಡ’ ಪಾಠಕ್ಕೆ ಉದಾಹರಣೆ ಬೇಕೆಂದಾಗ ನಾವು ಚೂಪು ಮೊಳೆ, ಶಾಲಾಚೀಲದ ಅಗಲ ಪಟ್ಟಿ, ಹೊರೆ ಹೊರುವವರ ಸಿಂಬಿ ಇಷ್ಟರಲ್ಲೇ ನಿಲ್ಲುತ್ತೇವೆ. ಬೋಧನಾಭ್ಯಾಸದಲ್ಲಿ ನಾನು ವೈದ್ಯರು ಮತ್ತು ದಾದಿಯರ ಫೇಸ್ ಶೀಲ್ಡನ್ನೂ ಶಸ್ತ್ರಚಿಕಿತ್ಸೆಯ ಹೆಲ್ಮೆಟನ್ನೂ ಆರಿಸಿಕೊಂಡೆ. ಒತ್ತಡ, ಸಾಂದ್ರೀಕರಣ, ಆವಿಯಾಗುವಿಕೆ, ಸೂಕ್ಷ್ಮಜೀವಿಗಳು ಎಲ್ಲವೂ ಒಂದೇ ವಸ್ತುವಿನಲ್ಲಿ ಸಿಗುತ್ತವೆ.

ಇದನ್ನು ವಿನ್ಯಾಸ ಮಾಡುವವರು ಮೊದಲು ಕೇಳಿಕೊಳ್ಳಬೇಕಾದದ್ದು, ಯಾರಿಂದ ಯಾರನ್ನು ಕಾಪಾಡಬೇಕು ಎಂದು. ಸಾಂಕ್ರಾಮಿಕ ರೋಗದ ವಾರ್ಡಿನಲ್ಲಿ ರೋಗಿಯ ಕೆಮ್ಮಿನ ಹನಿಗಳಿಂದ ದಾದಿಯನ್ನು ಕಾಪಾಡಬೇಕು. ಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತದ ಸಿಡಿತದಿಂದ ವೈದ್ಯರನ್ನು ರಕ್ಷಿಸುವುದರ ಜೊತೆಗೆ, ವೈದ್ಯರ ಉಸಿರು, ಕೂದಲು, ಉದುರುವ ಚರ್ಮದ ಕಣಗಳಿಂದ ರೋಗಿಯ ತೆರೆದ ಗಾಯವನ್ನೂ ರಕ್ಷಿಸಬೇಕು.

ಈ ಎರಡನೆಯ ಚಿಂತೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡವರು ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ. 1960ರ ದಶಕದಲ್ಲಿ ಕೃತಕ ಸೊಂಟದ ಕೀಲು ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ರೂಢಿಗೆ ತಂದವರು ಅವರು. ಆರಂಭದಲ್ಲಿ ನೂರರಲ್ಲಿ ಏಳೆಂಟು ರೋಗಿಗಳಿಗೆ ಸೋಂಕು ತಗಲುತ್ತಿತ್ತು. ಕೀಲಿನ ಆಳದಲ್ಲಿ ಸೋಂಕಾದರೆ ಜೋಡಿಸಿದ್ದನ್ನೇ ಕಿತ್ತು ತೆಗೆಯಬೇಕಾಗಬಹುದು. ಚಾರ್ನ್ಲಿ ಮೊದಲು ಶೋಧಿಸಿದ ಗಾಳಿಯ ಗೂಡೊಂದನ್ನು ಕಟ್ಟಿಸಿದರು. ಆಮೇಲೆ ತಲೆಯಿಂದ ಕೆಳಗಿನವರೆಗೆ ಮುಚ್ಚುವ ಉಡುಪು ತಂದರು. ಕೊಳವೆಯೊಂದು ಅದರ ಒಳಗಿನ ಗಾಳಿಯನ್ನು ಹೀರಿ ಹೊರಗೆ ಒಯ್ಯುತ್ತಿತ್ತು. ಒಳಗೆ ಒತ್ತಡ ಕಡಿಮೆ, ಹೊರಗೆ ಹೆಚ್ಚು. ಹಾಗಾಗಿ ಎಲ್ಲಾದರೂ ಸಂದಿ ಇದ್ದರೂ ಗಾಳಿ ಒಳಕ್ಕೇ ನುಗ್ಗುತ್ತಿತ್ತು, ವೈದ್ಯರ ಮೈಯ ಕಣಗಳು ಗಾಯದ ಕಡೆಗೆ ಬರುತ್ತಿರಲಿಲ್ಲ. ಸೋಂಕು ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. (ಗಾಯ ಹೊಲಿಯುವ ವಿಧಾನವೂ ಇದೇ ಅವಧಿಯಲ್ಲಿ ಸುಧಾರಿಸಿತ್ತು, ಆದ್ದರಿಂದ ಶ್ರೇಯಸ್ಸನ್ನೆಲ್ಲ ಉಡುಪಿಗೇ ಕೊಡಲಾಗದು.)

ಕೊಳವೆ ಎಳೆದುಕೊಂಡು ಕೆಲಸ ಮಾಡುವುದು ಕಷ್ಟ. ಮುಂದೆ ಬ್ಯಾಟರಿಯ ಪುಟ್ಟ ಫ್ಯಾನ್ ಇರುವ ಹೆಲ್ಮೆಟ್ ಬಂತು. ಫ್ಯಾನ್ ತಲೆಯ ಮೇಲಿಂದ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಮುಖ ತಂಪಾಗುತ್ತದೆ, ಶೀಲ್ಡ್ ಮಂಜಾಗುವುದಿಲ್ಲ. ಈ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಒಳಗೆ ತಳ್ಳಿದ ಗಾಳಿ ಆಮೇಲೆ ಎಲ್ಲಿಗೆ ಹೋಗುತ್ತೆ ಮಿಸ್?” ಎಂದು ಕೇಳಿದಳು. ಇಡೀ ವಿಷಯದ ಗಂಟು ಅಲ್ಲೇ ಇದೆ. ಈಗ ಒತ್ತಡ ಒಳಗೇ ಹೆಚ್ಚು. ಗಾಳಿ ಕೊರಳಿನ ಅಂಚಿನಿಂದ, ತೋಳು ಮತ್ತು ಕೈಗವಸು ಸೇರುವ ಸಂದಿಯಿಂದ ಹೊರಬರುತ್ತದೆ. ಆ ಕೈಗಳಾದರೋ ಗಾಯದ ಮೇಲೆಯೇ ಇರುತ್ತವೆ. ನ್ಯೂಜಿಲೆಂಡಿನ ಕೀಲು ಶಸ್ತ್ರಚಿಕಿತ್ಸಾ ನೋಂದಣಿಯ ಹತ್ತು ವರ್ಷಗಳ ದಾಖಲೆ ಆಧರಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಇಂಥ ಉಡುಪು ತೊಟ್ಟು ಮಾಡಿದ ಶಸ್ತ್ರಚಿಕಿತ್ಸೆಗಳಲ್ಲಿ ಸೋಂಕು ಕಡಿಮೆ ಇರಲಿಲ್ಲ, ಹೆಚ್ಚೇ ಇತ್ತು. ಈ ಸೋರಿಕೆ ಅದಕ್ಕೊಂದು ಸಂಭವನೀಯ ವಿವರಣೆ. ಹಾಗೆಂದು ಫ್ಯಾನೇ ಕೆಟ್ಟದ್ದಲ್ಲ. ಸೋಂಕಿನ ವಾರ್ಡಿನಲ್ಲಿ ಶೋಧಕದ ಮೂಲಕ ಶುದ್ಧ ಗಾಳಿಯನ್ನು ಒಳಕ್ಕೆ ತಳ್ಳುವ ಸಾಧನ ಧರಿಸಿದವರನ್ನು ಚೆನ್ನಾಗಿ ಕಾಯುತ್ತದೆ. ಶಸ್ತ್ರಚಿಕಿತ್ಸೆಯ ಕೋಣೆಗೆ ಹೋದರೆ ಅದೇ ಗುಣ ದೋಷವಾಗಬಹುದು.

ಇನ್ನು ಆರಾಮದ ಮಾತು. ಇದನ್ನು ಸುಖಪಡುವ ವಿಷಯವೆಂದು ತಳ್ಳಿಹಾಕುವಂತಿಲ್ಲ. ಹಣೆ ತುರಿಸಿದರೆ ಕೈ ತಾನಾಗಿ ಮೇಲೇಳುತ್ತದೆ, ಮುಟ್ಟಿದ ಕ್ಷಣವೇ ಶುದ್ಧತೆ ಮುಗಿಯಿತು. 5 ಮಿ.ಮೀ. ಅಗಲದ ಪಟ್ಟಿಯ ಬದಲು 25 ಮಿ.ಮೀ. ಪಟ್ಟಿ ಹಾಕಿದರೆ, ಅದೇ ಬಲಕ್ಕೆ ಹಣೆಯ ಮೇಲಿನ ಒತ್ತಡ ಐದನೇ ಒಂದು ಭಾಗವಾಗುತ್ತದೆ. ಭಾರವೆಲ್ಲ ಮುಂದೆಯೇ ಇದ್ದರೆ ಅದು ಸನ್ನೆಯಂತೆ ತಲೆಯನ್ನು ಮುಂದಕ್ಕೆಳೆಯುತ್ತದೆ, ಎರಡು ಗಂಟೆಯ ಶಸ್ತ್ರಚಿಕಿತ್ಸೆಯಲ್ಲಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಬ್ಯಾಟರಿಯನ್ನು ಸೊಂಟಕ್ಕೋ ತಲೆಯ ಹಿಂಭಾಗಕ್ಕೋ ಸರಿಸುವುದು ಮೇಲು. ಫ್ಯಾನಿನ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸದಿದ್ದರೆ ಅದೂ ಅಪಾಯವೇ.

ಮಂಜಾಗುವುದನ್ನು ತರಗತಿಯಲ್ಲೇ ತೋರಿಸಬಹುದು. ಪಾರದರ್ಶಕ ಓಎಚ್‌ಪಿ ಹಾಳೆಯ ಅರ್ಧಕ್ಕೆ ಸೋಪು ತೆಳ್ಳಗೆ ಸವರಿ ಒರೆಸಿ, ಇಡೀ ಹಾಳೆಯ ಮೇಲೆ ಉಸಿರು ಬಿಡಿಸಿ. ಸೋಪಿಲ್ಲದ ಕಡೆ ಸಣ್ಣ ಹನಿಗಳು ನಿಂತು ಬೆಳಕನ್ನು ಚದುರಿಸುತ್ತವೆ. ಸೋಪಿರುವ ಕಡೆ ನೀರು ಪದರವಾಗಿ ಹರಡಿ ಆಚೆಯದು ಕಾಣುತ್ತದೆ. ಮಂಜುನಿರೋಧಕ ಲೇಪನಗಳೂ ಹೀಗೆಯೇ ಕೆಲಸ ಮಾಡುತ್ತವೆ. ನನ್ನ ಮಕ್ಕಳಿಗೆ ಸೂತ್ರಕ್ಕಿಂತ ನೆನಪಿನಲ್ಲಿ ಉಳಿದದ್ದು ಇದು.

ಶುದ್ಧೀಕರಣದ ವಿಷಯದಲ್ಲಿ ವಸ್ತುವೇ ಅಡ್ಡಿ. ಆಟೋಕ್ಲೇವ್ ಸಾಮಾನ್ಯವಾಗಿ 121 ಡಿಗ್ರಿ ಸೆಲ್ಸಿಯಸ್ ಉಗಿಯಲ್ಲಿ ಕೆಲಸ ಮಾಡುತ್ತದೆ. ತ್ರೀಡಿ ಪ್ರಿಂಟರಿನಲ್ಲಿ ಬಳಸುವ ಪಿಎಲ್‌ಎ 60 ಡಿಗ್ರಿಯ ಹೊತ್ತಿಗೇ ಮೆತ್ತಗಾಗುತ್ತದೆ. ಬ್ಯಾಟರಿ, ಮೋಟಾರುಗಳನ್ನು ಉಗಿಗೆ ಹಾಕುವ ಮಾತೇ ಇಲ್ಲ. ಹಾಗಾಗಿ ವಿನ್ಯಾಸಕಾರರು ಹೆಲ್ಮೆಟನ್ನು ಎರಡು ಭಾಗ ಮಾಡಿದರು. ಒಳಗಿನ ಚೌಕಟ್ಟು ಮತ್ತು ಫ್ಯಾನ್ ಒರೆಸಿ ಮತ್ತೆ ಬಳಸುವಂಥದ್ದು, ಕ್ರಿಮಿಶುದ್ಧವಲ್ಲ. ಅದರ ಮೇಲೆ ಬರುವ, ಶೀಲ್ಡ್ ಸೇರಿಸಿ ಹೊಲಿದ ಮುಸುಕು ಮಾತ್ರ ಕ್ರಿಮಿಶುದ್ಧ, ಒಮ್ಮೆ ಬಳಸಿ ಎಸೆಯುವಂಥದ್ದು. ವೈದ್ಯರು ಹೆಲ್ಮೆಟ್ ಹಾಕಿಕೊಂಡ ಮೇಲೆಯೇ ಕೈ ತೊಳೆಯುತ್ತಾರೆ.

ಕಳಚುವುದು ಹಾಕಿಕೊಳ್ಳುವುದಕ್ಕಿಂತ ಅಪಾಯದ ಕೆಲಸ, ಏಕೆಂದರೆ ಆ ಹೊತ್ತಿಗೆ ಶೀಲ್ಡಿನ ಮುಂಭಾಗ ಕೊಳಕಾಗಿರುತ್ತದೆ. ವಾರ್ಡಿನ ಸಾದಾ ಶೀಲ್ಡಿನಲ್ಲಿ ಪಟ್ಟಿಯ ಹಿಡಿತ ತಲೆಯ ಹಿಂದಿರಬೇಕು. ದಾದಿ ಅದನ್ನು ಹಿಂದಿನಿಂದ ಹಿಡಿದು, ಸ್ವಲ್ಪ ಬಾಗಿ, ಮುಂದಕ್ಕೆ ಎತ್ತಿ ತೆಗೆಯುತ್ತಾಳೆ; ಆಮೇಲೆ ಕೈ ಶುಚಿ ಮಾಡಿಕೊಳ್ಳುತ್ತಾಳೆ.