ನರ್ಸಿಂಗ್ ಆಯ್ಕೆ, ಸಂಬಳದ ನಿರೀಕ್ಷೆ ಮತ್ತು ಮಧ್ಯಾಂಕದ ಪಾಠ

ಹತ್ತನೆಯ ತರಗತಿಯ ಮಕ್ಕಳು ಮುಂದಿನ ಓದನ್ನು ಆರಿಸಿಕೊಳ್ಳುವಾಗ ಸಂಬಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ತಪ್ಪಲ್ಲ. ಆದರೆ ಆ ಲೆಕ್ಕ ಎಲ್ಲಿಂದ ಬಂತು ಎಂಬುದನ್ನು ಶಿಕ್ಷಕರು ಗಮನಿಸಬೇಕು. ಅಭ್ಯಾಸ ಬೋಧನೆಯ ಅವಧಿಯಲ್ಲಿ ನರ್ಸಿಂಗ್ ಓದುತ್ತೇವೆಂದ ಹುಡುಗಿಯರನ್ನು ಕಾರಣ ಕೇಳಿದೆ. ಊರಿನವರೊಬ್ಬರು ಗಲ್ಫ್‌ಗೆ ಹೋಗಿ ಮನೆ ಕಟ್ಟಿಸಿದ್ದಾರೆ ಎಂಬುದೇ ಹೆಚ್ಚಿನವರ ಉತ್ತರ. ಒಬ್ಬಳು ಮಾತ್ರ, "ನಮ್ಮಕ್ಕನೂ ನರ್ಸೇ ಮಿಸ್, ಅವಳಿಗೆ ಅಷ್ಟು ಬರಲ್ಲ" ಎಂದಳು.

ಈ ಎರಡು ಮಾತುಗಳನ್ನೇ ಸಂಖ್ಯಾಶಾಸ್ತ್ರದ ಪಾಠಕ್ಕೆ ಪೀಠಿಕೆಯಾಗಿ ಬಳಸಿದೆ. ಐವರು ನರ್ಸ್‌ಗಳ ತಿಂಗಳ ಸಂಬಳವೆಂದು ಊಹೆಯ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ: 15,000, 15,000, 18,000, 20,000, 82,000. ಸರಾಸರಿ 30,000, ಮಧ್ಯಾಂಕ 18,000. ಐವರಲ್ಲಿ ನಾಲ್ವರಿಗೆ ಸರಾಸರಿಯಷ್ಟು ಸಂಬಳವಿಲ್ಲ ಎಂಬುದನ್ನು ಮಕ್ಕಳೇ ಕಂಡುಕೊಂಡರು. ಒಂದು ದೊಡ್ಡ ಪ್ರಾಪ್ತಾಂಕ ಸರಾಸರಿಯನ್ನು ಎಳೆಯುವಂತೆ, ಊರಿನ ಒಂದು ದೊಡ್ಡ ಮನೆ ಎಲ್ಲರ ನಿರೀಕ್ಷೆಯನ್ನೂ ಎಳೆಯುತ್ತದೆ.

ಇಷ್ಟು ಅಂತರ ಏಕೆ? ಏಳನೇ ವೇತನ ಆಯೋಗದಂತೆ ಕೇಂದ್ರ ಸರ್ಕಾರದ ನರ್ಸಿಂಗ್ ಅಧಿಕಾರಿಯ ಆರಂಭಿಕ ಮೂಲವೇತನ 44,900 ರೂಪಾಯಿ. ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿಯು 2016ರಲ್ಲಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಗಳಲ್ಲೂ ಸಂಬಳ 20,000ಕ್ಕಿಂತ ಕಡಿಮೆ ಇರಬಾರದೆಂದು ಶಿಫಾರಸು ಮಾಡಿತು. ಅಂಥ ಶಿಫಾರಸು ಬೇಕಾಯಿತು ಎಂಬುದೇ ಖಾಸಗಿ ವಲಯದ ಸ್ಥಿತಿಯನ್ನು ಹೇಳುತ್ತದೆ. ವಿದೇಶಕ್ಕೆ ಹೋಗಲು ಸಾಮಾನ್ಯವಾಗಿ ಕೆಲಸದ ಅನುಭವವೂ ಪರವಾನಗಿ ಪರೀಕ್ಷೆಯೂ ಬೇಕು. ಓದು ಮುಗಿದ ಮರುದಿನವೇ ಆ ಸಂಬಳ ಸಿಗುವುದಿಲ್ಲ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಓದು. ಸಾಲ ಮಾಡಿ ಓದಿಸಿದ ಮನೆಗೆ ಕಂತು ಕಟ್ಟುವ ಕಾಲದಲ್ಲಿ ಕೈಗೆ ಬರುವುದು ಮೊದಲ ಸಂಬಳವೇ ಹೊರತು ಹತ್ತು ವರ್ಷದ ನಂತರದ್ದಲ್ಲ.

ಇದನ್ನು ಹೇಳುವುದು ಮಕ್ಕಳ ಆಸೆಗೆ ತಣ್ಣೀರೆರಚಲು ಅಲ್ಲ. ಅಕ್ಕನ ಸಂಬಳ ಗೊತ್ತಿದ್ದ ಹುಡುಗಿಯೂ ನರ್ಸಿಂಗ್ ಓದುವ ನಿರ್ಧಾರವನ್ನು ಬಿಡಲಿಲ್ಲ. ತಿಳಿದು ಆರಿಸಿಕೊಂಡವಳು ಅವಳು. ಈ ಪಾಠವನ್ನು ಮಾಡುವ ಪ್ರಶಿಕ್ಷಣಾರ್ಥಿಗಳು ಮನೆಗೆಲಸವಾಗಿ ಮೂರು ಪ್ರಶ್ನೆ ಕೊಡಬಹುದು: ಮೊದಲ ಸಂಬಳ ಎಷ್ಟು? ಐದು ವರ್ಷದ ನಂತರ ಎಷ್ಟು? ಓದಿನ ಒಟ್ಟು ಖರ್ಚು ಎಷ್ಟು? ಉತ್ತರವನ್ನು ಒಬ್ಬರಿಂದಲ್ಲ, ಬೇರೆ ಬೇರೆ ಕಡೆ ದುಡಿಯುವ ಕನಿಷ್ಠ ಮೂವರಿಂದ ತರಲು ಹೇಳಿ. ತಮ್ಮ ಸಂಬಳ ಹೇಳಲು ಇಷ್ಟಪಡದವರನ್ನು ಒತ್ತಾಯಿಸಬಾರದೆಂದೂ ಮಕ್ಕಳಿಗೆ ತಿಳಿಸಿ.