ಮಗ್ಗುಲು ಹೊರಳಿದ ಅಂಬಾಸಿಡರ್

ಮೋಟಾರು ಕಾರಿನ ಹೊಟ್ಟೆಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಹೊರಗಿನ ಬಣ್ಣವನ್ನು ಹೊಗಳುತ್ತೇವೆ, ಆಸನದ ಮೆತ್ತೆಯನ್ನು ಒತ್ತಿ ನೋಡುತ್ತೇವೆ. ಆದರೆ ಕಾರಿಗೆ ಮುಪ್ಪು ಬರುವುದು ಕೆಳಗಿನಿಂದ. ಸಿರುಗುಪ್ಪದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷ ನಿಂತಿದ್ದ ತಂದೆಯವರ ಅಂಬಾಸಿಡರ್ ಕಾರಿನೊಳಗೆ ಕಳೆದ ವರ್ಷ ಕಾಲಿಟ್ಟಾಗ, ನನ್ನ ಹಿಮ್ಮಡಿ ತಗಡನ್ನು ತೂರಿಕೊಂಡು ನೆಲ ಮುಟ್ಟಿತು.

1984ರ ಮಾದರಿಯ ಬಂಡಿ ಅದು. ತಂದೆಯವರು ಅಕ್ಕಿಯ ವ್ಯಾಪಾರಿಗಳು. ಬಳ್ಳಾರಿಯ ಆಸ್ಪತ್ರೆಯಿಂದ ನನ್ನನ್ನು ಹಸುಗೂಸಾಗಿ ಮನೆಗೆ ತಂದದ್ದು ಅದೇ ಕಾರಿನಲ್ಲಿ. "ಗುಜರಿಗೆ ಹಾಕಿಬಿಡು" ಎಂದು ಬಂಧುಗಳೆಲ್ಲ ಬುದ್ಧಿ ಹೇಳಿದರು. ತಂದೆಯವರು ಮಾತ್ರ ಏನೂ ಹೇಳಲಿಲ್ಲ. ಅದೇ ನನಗೆ ಕಷ್ಟವಾಯಿತು. ಉತ್ತರಪಾಡದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿಯೇ ನಿಂತುಹೋಗಿದೆ. ಈ ಕಾರಿಗೆ ಲಾರಿಗಿರುವಂತೆ ಬೇರೆಯಾದ ಚಾಸಿ ಇಲ್ಲ. ನೆಲ, ಗೋಡೆ, ಮಾಡು ಎಲ್ಲವೂ ಕೂಡಿ ಒಂದೇ ಪೆಟ್ಟಿಗೆ. ನೆಲ ಕೊಳೆಯಿತೆಂದರೆ ಬೆನ್ನೆಲುಬೇ ಕೊಳೆತಂತೆ.

ಕುರುಗೋಡಿನಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳನ್ನು ಕಟ್ಟುವ ಮೇಸ್ತ್ರಿಯೊಬ್ಬರಿದ್ದಾರೆ. ಅವರು ಕಾರಿನ ಕೆಳಗೆ ಒಮ್ಮೆ ತೂರಿ ಹೊರಬಂದು, ಕುತ್ತಿಗೆಯ ಮೇಲಿನ ಹಳೆಯ ಸುಟ್ಟ ಕಲೆಗಳನ್ನು ತೋರಿಸಿದರು. ಅಂಗಾತ ಮಲಗಿ ಮೇಲ್ಮುಖವಾಗಿ ವೆಲ್ಡಿಂಗ್ ಮಾಡಿದರೆ ಕಿಡಿ ಮೈಮೇಲೆ ಬೀಳುತ್ತದೆ; ಕರಗಿದ ಲೋಹವೂ ಜೋತು ಬಿದ್ದು ಬೆಸುಗೆ ಹಸನಾಗುವುದಿಲ್ಲ. "ಮಲ್ಕೊಂಡು ಮಾಡೋ ಕೆಲಸ ಅಲ್ರಿ ಮೇಷ್ಟ್ರೆ ಇದು. ನಾವು ಹೊಳ್ಳೋದಲ್ಲ, ಗಾಡಿನೇ ಹೊಳ್ಳಿಸಬೇಕು" ಎಂದರು. ಪಾಶ್ಚಾತ್ಯರಲ್ಲಿ ಇದಕ್ಕಾಗಿಯೇ ಒಂದು ಸಾಧನವಿದೆ. ಮಾಂಸವನ್ನು ಸಲಾಕೆಗೆ ಚುಚ್ಚಿ ಬೆಂಕಿಯ ಮೇಲೆ ತಿರುಗಿಸುವ ಅಡುಗೆಯ ಉಪಕರಣದ ಹೆಸರನ್ನೇ ಅದಕ್ಕೂ ಇಟ್ಟು 'ರೋಟಿಸರಿ' ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಹೆಸರಿನ ಅರ್ಥವನ್ನು ನಾನು ವಿವರಿಸಲಿಲ್ಲ.

ತೋರಣಗಲ್ಲಿನಲ್ಲಿ ಉಕ್ಕು ಹುಟ್ಟುವ ಜಿಲ್ಲೆಯಲ್ಲಿ ಕಬ್ಬಿಣಕ್ಕೆ ಬರವೆ? ಬಳ್ಳಾರಿಯ ಗುಜರಿ ಅಂಗಡಿಗಳಲ್ಲಿ ಎರಡು ಭಾನುವಾರ ಅಲೆದು, ದಪ್ಪ ಗೋಡೆಯ ಕೊಳವೆಗಳನ್ನೂ ಚಾನೆಲ್ಲುಗಳನ್ನೂ ತೂಕದ ಲೆಕ್ಕದಲ್ಲಿ ಕೊಂಡು ತಂದೆವು. ಕಾರಿನ ಉದ್ದ ಸುಮಾರು 14 ಅಡಿ, ಅಗಲ ಐದೂವರೆ ಅಡಿ. ಮುಂದೊಂದು ಹಿಂದೊಂದು ಕಂಬ. ಪ್ರತಿ ಕಂಬಕ್ಕೂ 5 ಅಡಿ ಅಗಲದ ಪಾದ. ಕಂಬಗಳು ಒಂದರಿಂದೊಂದು ದೂರ ಸರಿಯದಂತೆ ನೆಲಮಟ್ಟದಲ್ಲಿ ಉದ್ದನೆಯ ಜೋಡು ಕೊಳವೆ. ಕಂಬದ ನೆತ್ತಿಯಲ್ಲಿ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಒಂದು ಕೊಳವೆಯೊಳಗೆ ಗ್ರೀಸು ಬಳಿದ ಇನ್ನೊಂದು ಕೊಳವೆ ತಿರುಗುತ್ತದೆ. ಅದರ ತುದಿಯ ತೋಳುಗಳನ್ನು ಬಂಪರು ಕೂರುವ ಜಾಗಕ್ಕೆ ಬೋಲ್ಟು ಹಾಕಿ ಬಿಗಿಯಬೇಕು. ಜೊತೆಗೆ 30 ಡಿಗ್ರಿಗೊಂದರಂತೆ 12 ತೂತುಗಳ ದುಂಡು ತಗಡು; ಬೇಕಾದ ಓರೆಯಲ್ಲಿ ಪಿನ್ನು ತೂರಿಸಿದರೆ ಬಾಡಿ ಅಲ್ಲಾಡಬಾರದು.

ಇಂಜಿನ್, ಪೆಟ್ರೋಲ್ ಟ್ಯಾಂಕು, ಬ್ಯಾಟರಿ, ಗಾಜು, ಚಕ್ರ, ಬಾಗಿಲು ಎಲ್ಲವನ್ನೂ ಮೊದಲೇ ಬಿಚ್ಚಿದ್ದೆವು. ಉಳಿದ ಬರಿಯ ಬಾಡಿ ಅಂದಾಜು 400 ಕಿಲೋ. ಚೈನ್ ಬ್ಲಾಕಿನಿಂದ ಎತ್ತಿ ಕಂಬಗಳಿಗೆ ಕೂರಿಸಿ, ಪಿನ್ನು ಕಿತ್ತು, ಮೆಲ್ಲನೆ ನೂಕಿದೆವು. ಒಂದು ಗೇಣು ವಾಲಿತೋ ಇಲ್ಲವೋ, ಯಾರೋ ದಬ್ಬಿದಂತೆ ಇಡೀ ಬಾಡಿ ತಾನಾಗಿಯೇ ಮಗುಚಿಕೊಂಡಿತು! ಮೇಸ್ತ್ರಿಯವರ ಹುಡುಗ ಹಿಂದಕ್ಕೆ ನೆಗೆದ. ಮಾಡು ಕೆಳಗಾಗಿ, ತೊಟ್ಟಿಲಿನಂತೆ ನಾಲ್ಕಾರು ಸಲ ತೂಗಿ ನಿಂತಿತು. ನನ್ನ ಕೈಕಾಲು ಎಷ್ಟೋ ಹೊತ್ತು ನಡುಗುತ್ತಿತ್ತು. ಆ ಹುಡುಗ ಒಂದು ಹೆಜ್ಜೆ ಈಚೆಗಿದ್ದಿದ್ದರೆ ಈ ಲೇಖನ ಇರುತ್ತಿರಲಿಲ್ಲ.

ತಪ್ಪು ಕಬ್ಬಿಣದ್ದಲ್ಲ, ನಮ್ಮದು. ಬಂಪರಿನ ಜಾಗ ಕಾರಿನಲ್ಲಿ ಬಹಳ ಕೆಳಗಿದೆ. ಭಾರದ ಕೇಂದ್ರ ಅದಕ್ಕಿಂತ ಮೇಲಿದೆ. ಅಚ್ಚಿಗಿಂತ ಭಾರ ಮೇಲಿದ್ದರೆ ಅದು ತಲೆಕೆಳಗಾಗಲು ಹವಣಿಸುತ್ತದೆ. ಕೆಳಗಿದ್ದರೆ ಮೇಲೇಳಲು ಮೊಂಡು ಹಿಡಿಯುತ್ತದೆ. ಲೆಕ್ಕ ನೋಡಿ: 400 ಕಿಲೋ ಭಾರದ ಕೇಂದ್ರ ಅಚ್ಚಿನಿಂದ 10 ಸೆಂಟಿಮೀಟರು ಸರಿದಿದ್ದರೆ, ಮಗ್ಗುಲಾಗಿರುವ ಬಾಡಿಯನ್ನು ಒಂದು ಮೀಟರು ಉದ್ದದ ಹಿಡಿಕೆಯಿಂದ ತಡೆಯಲು 40 ಕಿಲೋ ಬಲ ಬೇಕು. ಅಂತರ ಒಂದೇ ಸೆಂಟಿಮೀಟರಾದರೆ 4 ಕಿಲೋ ಸಾಕು. ಮೇಸ್ತ್ರಿಯವರು ಈ ಗಣಿತವನ್ನು ಕಾಗದದ ಮೇಲೆ ಮಾಡಲಿಲ್ಲ. ತೋಳುಗಳಿಗೆ ಸಾಲಾಗಿ ತೂತು ಕೊರೆದು, ಪ್ರತಿ ಸಲವೂ ಬಾಡಿಯನ್ನು ಚೈನ್ ಬ್ಲಾಕಿಗೆ ತೂಗುಹಾಕಿಕೊಂಡು, ಅಚ್ಚನ್ನು ತೂತು ತೂತಾಗಿ ಮೇಲಕ್ಕೆ ಸರಿಸುತ್ತ ಹೋದರು. ಆರನೆಯ ತೂತಿನಲ್ಲಿ, ಎಲ್ಲಿ ಬಿಟ್ಟರೆ ಅಲ್ಲಿಯೇ ಬಾಡಿ ನಿಂತಿತು.

ಅಂದು ಸಂಜೆ ದೊಡ್ಡಬಸವೇಶ್ವರನ ಗುಡಿಗೆ ಹೋದೆವು. ಆ ಬೃಹತ್ ಏಕಶಿಲಾ ನಂದಿಯನ್ನು ಹೊರಳಿಸುವ ಮಾತೆಲ್ಲಿ ಬಂತು? ಶಿಲ್ಪಿಯೇ ಅದರ ಸುತ್ತ ಹೊರಳಿರಬೇಕು. ಮೇಸ್ತ್ರಿಯವರು ಅದರ ಗಂಗೆದೊಗಲಿನ ಕೆಳಗೆ ಬಗ್ಗಿ ಬಹಳ ಹೊತ್ತು ನೋಡಿದರು.

ಇನ್ನೊಂದು ಎಚ್ಚರಿಕೆಯನ್ನು ಹೇಳದಿದ್ದರೆ ತಪ್ಪಾದೀತು. ಬಾಗಿಲು ತೆಗೆದ ಬಾಡಿ ಮೆದು. ನೆಲವನ್ನು ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಆಂಗಲ್ ಬೆಸೆದು, ಮೂಲೆಯಿಂದ ಮೂಲೆಗೆ ಅಳತೆ ಬರೆದಿಟ್ಟುಕೊಳ್ಳಬೇಕು. ಇಲ್ಲವಾದರೆ ತಿರುಗಿಸುವಾಗ ಬಾಡಿ ಬಳುಕಿ, ಕೊನೆಗೆ ಬಾಗಿಲುಗಳೇ ಮುಚ್ಚುವುದಿಲ್ಲ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವ ಚಾಳಿಗಂತೂ ಇಲ್ಲಿ ಎಡೆಯೇ ಇಲ್ಲ, ಹೊಟ್ಟೆ ಮೇಲಾದಾಗ ಎಲ್ಲವೂ ಕಾಣುತ್ತದೆ.

ಕಳೆದ ತಿಂಗಳು ತಂದೆಯವರನ್ನು ಕುರುಗೋಡಿಗೆ ಕರೆದುಕೊಂಡು ಹೋದೆ. ಬಾಗಿಲಿನಡಿಯ, ಹೊಸ್ತಿಲಿನಂತಹ ಪೊಳ್ಳು ಪಟ್ಟಿಯನ್ನು ಅಂದೇ ಕತ್ತರಿಸಿ ತೆರೆದಿದ್ದರು. "ತಿರುಗಿಸಿ ನೋಡ್ರಿ ಯಜಮಾನ್ರೆ" ಎಂದು ಮೇಸ್ತ್ರಿಯವರು ಪಿನ್ನು ಕಿತ್ತರು. ಎಪ್ಪತ್ತನಾಲ್ಕರ ತಂದೆಯವರು ಒಂದೇ ಕೈಯಿಂದ ಹಿಡಿಕೆಯನ್ನು ಒತ್ತಿದರು. ಕಾರು ಮಗ್ಗುಲಾಯಿತು. ಆ ಪೊಳ್ಳಿನಿಂದ ಬೊಗಸೆಯಷ್ಟು ಕಪ್ಪಾದ ಭತ್ತದ ಹೊಟ್ಟು ನೆಲಕ್ಕೆ ಸುರಿಯಿತು. ಎಷ್ಟೋ ಸುಗ್ಗಿಗಳ ಹೊಟ್ಟು ಅಲ್ಲಿ ಸೇರಿ, ಮಳೆಯ ತೇವವನ್ನು ಹಿಡಿದಿಟ್ಟು, ಒಳಗಿನಿಂದಲೇ ಉಕ್ಕನ್ನು ತಿಂದಿತ್ತು. ತಂದೆಯವರು ಚಿಟಿಕೆಯಷ್ಟನ್ನು ಅಂಗೈಗೆ ತೆಗೆದುಕೊಂಡು, ವ್ಯಾಪಾರದ ಹಳೆಯ ಅಭ್ಯಾಸದಂತೆ ಮೂಸಿ ನೋಡಿ, "ಮುಗ್ಗಿದೆ" ಎಂದರು. ಆಮೇಲೆ ಕೈ ಝಾಡಿಸಿಕೊಂಡು ಮತ್ತೊಮ್ಮೆ ಹಿಡಿಕೆಗೆ ಕೈ ಹಾಕಿದರು.