ಸೌತೆಯ ನೀರೂ ಸ್ಯಾಂಡ್‌ವಿಚ್ಚೂ
ಇಂಗ್ಲೆಂಡಿನ ಇಳಿಹೊತ್ತಿನ ಚಹಾಕೂಟಕ್ಕೆ ಸೌತೆಕಾಯಿಯ ಸ್ಯಾಂಡ್‌ವಿಚ್ ಭೂಷಣಪ್ರಾಯವಾದುದು. ಆದರೆ ಸ್ವಲ್ಪ ಹೊತ್ತಿನಲ್ಲಿಯೇ ಬ್ರೆಡ್ಡು ನೆನೆದು ಮುದ್ದೆಯಾಗುವುದೇಕೆ? ಸೌತೆಯಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ. ಹೋಳುಗಳಿಗೆ ಉಪ್ಪು ತಾಗಿದೊಡನೆ ಜೀವಕೋಶಗಳೊಳಗಿನ ನೀರು ಪೊರೆಯನ್ನು ದಾಟಿ, ಉಪ್ಪು ಹೆಚ್ಚಾಗಿರುವ ಹೊರಭಾಗಕ್ಕೆ ಹರಿಯುತ್ತದೆ. ಇದನ್ನೇ ಅಭಿಸರಣೆಯೆನ್ನುತ್ತೇವೆ. ಬಡಿಸುವ ಹೊತ್ತಿಗೆ ಮಾತ್ರ ನಾವು ಕೋಸಂಬರಿಗೆ ಉಪ್ಪು ಬೆರೆಸುವುದೂ ಇದಕ್ಕಾಗಿಯೇ.

ಸ್ಯಾಂಡ್‌ವಿಚ್ಚಿಗೆ ಇದರ ವಿರುದ್ಧದ ಉಪಾಯವೇ ಸರಿ. ತೆಳುಹೋಳುಗಳಿಗೆ ಮೊದಲೇ ತುಸು ಉಪ್ಪು ಉದುರಿಸಿ, 20 ನಿಮಿಷ ಬಿಟ್ಟು, ಒಸರಿದ ನೀರನ್ನು ಚೆಲ್ಲಿ, ಶುಭ್ರವಾದ ಬಟ್ಟೆಯಲ್ಲಿ ಒತ್ತಬೇಕು. ಬಳಿಕ ಬ್ರೆಡ್ಡಿನ ಎರಡು ಹೋಳುಗಳಿಗೂ ಅಂಚಿನವರೆಗೆ ಕ್ರೀಮ್ ಚೀಸ್ ಬಳಿಯಬೇಕು. ಅದರಲ್ಲಿ ಸುಮಾರು ಮೂರರಲ್ಲೊಂದು ಪಾಲು ಕೊಬ್ಬು. ಕೊಬ್ಬಿಗೂ ನೀರಿಗೂ ಒಗ್ಗದಾದುದರಿಂದ, ಉಳಿದ ತೇವವು ಬ್ರೆಡ್ಡಿನ ರಂಧ್ರಗಳಿಗೆ ಬೇಗನೆ ಇಳಿಯದು. ಆದರೂ ಒಂದೆರಡು ಗಂಟೆಯೊಳಗೆ ತಿನ್ನುವುದು ಲೇಸು.